ಅಳತೆಯ ಕಾಲು

ಅಕ್ಕ ಹೊಲಿದ ಕೆಂಪು ಜೋಡನ್ನು ಗಾಜಿನ ಪೆಟ್ಟಿಗೆಯಲ್ಲಿ, ನಿಧಾನವಾಗಿ ತಿರುಗುವ ಪೀಠದ ಮೇಲೆ ಇಟ್ಟಿದ್ದರು. ಹೆಂಗಸರ ಪಾದರಕ್ಷೆಗಳು ಕಾಲದಿಂದ ಕಾಲಕ್ಕೆ ಹೇಗೆ ರೂಪ ಬದಲಿಸಿದವು ಎಂದು ತೋರಿಸಲು ಮ್ಯೂಸಿಯಂನವರು ಏರ್ಪಡಿಸಿದ್ದ ಪ್ರದರ್ಶನ ಅದು. ಮರದ ಮೆಟ್ಟು, ಕಸೂತಿಯ ಜೋಡು, ಮೊಣಕಾಲುದ್ದದ ಬೂಟು ಎಲ್ಲವನ್ನೂ ದಾಟಿ ಬಂದವರು ಇಲ್ಲಿ ಮಾತ್ರ ಕಾಲು ಕಿತ್ತಿಡದೆ ನಿಲ್ಲುತ್ತಿದ್ದರು. ಪೆನ್ಸಿಲಿನಷ್ಟು ಸಪೂರ ಹಿಮ್ಮಡಿ, ದೋಣಿಯ ಮೂತಿಯಂತೆ ಚೂಪಾದ ತುದಿ. ಅಕ್ಕನಿಗೆ ಹೆಸರು ತಂದುಕೊಟ್ಟ ಜೋಡು. ಇನ್ನು ಸ್ವಲ್ಪ ಹೊತ್ತಿಗೆ ಅವಳದೇ ಭಾಷಣ.

ತಂಗಿ ರಬ್ಬರ್ ಚಪ್ಪಲಿ ಎಳೆಯುತ್ತ ಹಿಂದೆಯೇ ಬಂದಳು. ರೂಪದರ್ಶಿಯರನ್ನು ಕರೆಸುವ ತಾಕತ್ತು ಅಕ್ಕನಿಗೆ ಇಲ್ಲದಿದ್ದ ಕಾಲದಲ್ಲಿ, ಹೊಲಿದ ಪ್ರತಿಯೊಂದು ಜೋಡನ್ನೂ ಮೊದಲು ಹಾಕಿ ನೋಡಿದವಳು ಇವಳೇ. ‘ಅಳತೆಗೆಂದೇ ಹುಟ್ಟಿದ ಕಾಲು’ ಎಂದು ಅಕ್ಕ ಕಂಡಕಂಡವರ ಮುಂದೆ ಹೊಗಳುತ್ತಿದ್ದಳು.

ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಗಾಜಿಗೆ ಮೂಗು ಒತ್ತಿ, "ಅಬ್ಬಾ, ಇದನ್ನ ಹಾಕ್ಕೊಂಡು ಹೆಂಗೆ ನಡೀತಿದ್ರೋ!" ಎಂದಳು.

"ನಡೀತಿರ್ಲಿಲ್ಲಮ್ಮ," ತಂಗಿ ಹೇಳಿದಳು. "ನಿಂತ್ಕೋತಿದ್ವಿ. ಯಾರಾದ್ರೂ ನೋಡ್ತಿದ್ರೆ ಎರಡು ಹೆಜ್ಜೆ."

ಹುಡುಗಿ ಗೊಳ್ಳೆಂದು ನಕ್ಕಳು. ಅಕ್ಕನೂ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ತಂಗಿ ಆಗಲೇ ಗೋಡೆ ಹಿಡಿದುಕೊಂಡು ಬೆಂಚಿನ ಕಡೆ ಹೊರಟಿದ್ದಳು. ಕೂತವಳೇ ಚಪ್ಪಲಿ ಕಳಚಿ ಉಸ್ಸೆಂದಳು. ಅಕ್ಕ ಬಗ್ಗಿ ನೋಡಿದಳು. ಹೆಬ್ಬೆರಳು ಪಕ್ಕದ ಬೆರಳನ್ನು ಹತ್ತಿ ಕೂತಿತ್ತು. ಅದರ ಬುಡದಲ್ಲಿ ಗೋಲಿ ಗಾತ್ರದ ಗಂಟು. ಕಣ್ಣು ಮುಚ್ಚಿಕೊಂಡೂ ಚಿತ್ರ ಬರೆಯಬಲ್ಲೆ ಎಂದುಕೊಂಡಿದ್ದ ಕಾಲು. ಈಗ ಗುರುತೇ ಸಿಗಲಿಲ್ಲ.

"ಆಗಲೇ ನೋಯ್ತಿತ್ತೇನೇ?"

"ನೋಯ್ದೆ ಇರುತ್ತಾ?"

"ಮತ್ತೆ ಬಾಯಿ ಬಿಟ್ಟು ಹೇಳೋದಲ್ವಾ?"

"ನೋಯುತ್ತಾ ಅಂತ ನೀನೆಲ್ಲಿ ಕೇಳ್ದೆ? ಚೆಂದ ಕಾಣುತ್ತಾ ಅಂತ ಕೇಳ್ತಿದ್ದೆ. ಚೆಂದ ಕಾಣ್ತಿತ್ತು. ಹೂಂ ಅಂತಿದ್ದೆ." ತಂಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಸುಳ್ಳೇನೂ ಹೇಳ್ಲಿಲ್ಲ ಕಣಕ್ಕಾ. ಕನ್ನಡಿ ಮುಂದೆ ನಿಂತಾಗ ನಂಗೂ ಖುಷಿ ಆಗೋದು."

ಅಕ್ಕ ಪಕ್ಕದಲ್ಲಿ ಕೂತಳು. ತಂಗಿಯ ಕಾಲನ್ನೆತ್ತಿ ತನ್ನ ಇಸ್ತ್ರಿ ಮುರಿಯದ ಸೀರೆಯ ಮಡಿಲಲ್ಲಿ ಇಟ್ಟುಕೊಂಡು, ಆ ಗಂಟನ್ನು ಮೆಲ್ಲಗೆ ನೀವತೊಡಗಿದಳು. ಅಷ್ಟರಲ್ಲಿ ಮ್ಯೂಸಿಯಂನ ಅಧಿಕಾರಿ, "ಮೇಡಂ, ಎಲ್ರೂ ಕಾಯ್ತಿದಾರೆ" ಎನ್ನುತ್ತ ಬಂದವನು ತಬ್ಬಿಬ್ಬಾಗಿ ನಿಂತ. ಅವನ ಬೆನ್ನ ಹಿಂದೆ ಕ್ಯಾಮೆರಾದವರು, ಅವರ ಹಿಂದೆ ಅರ್ಧ ಸಭೆ.

ತಂಗಿ ಕಾಲು ಎಳೆದುಕೊಳ್ಳಲು ನೋಡಿದಳು. "ಬಿಡಕ್ಕಾ, ನೀನು ದೊಡ್ಡೋಳು. ಜನ ನೋಡ್ತಿದಾರೆ."

ಅಕ್ಕ ಹಿಡಿತ ಸಡಿಲಿಸಲಿಲ್ಲ.

"ನೋಡ್ಲಿ ಬಿಡೇ. ನೋಡೋಕೇ ತಾನೆ ಬಂದಿರೋದು."