ಮೂರನೆಯ ಸಂಪರ್ಕ

ಶುಕ್ರವಾರ ಗಂಗರತ್ನಮ್ಮ ಮೊದಲ ಸಲ ಕಚೇರಿಯ ಫಿಲ್ಟರಿನಿಂದ ಒಂದು ಲೋಟ ನೀರು ಹಿಡಿದು ಕುಡಿದಳು. ಸೋಮವಾರ ಅವಳ ಮೇಜು, ಕಂಪ್ಯೂಟರು ಕಚೇರಿಯಲ್ಲಿರಲಿಲ್ಲ. ಅವಳು ಮುಟ್ಟಿದ ಫಿಲ್ಟರಿನ ಜಾಗಕ್ಕೆ ಹೊಸದು ಬಂದಿತ್ತು.

ಶ್ರೀನಿವಾಸಪುರದ ಆ ಮಾವಿನ ಪಲ್ಪ್ ಫ್ಯಾಕ್ಟರಿಯಲ್ಲಿ ಯಾವ ತೋಪಿನ ಹಣ್ಣು ಯಾವ ಲಾರಿಯಲ್ಲಿ ಬರುತ್ತದೆ ಎಂಬುದು ಹನ್ನೊಂದು ವರ್ಷದಿಂದ ಗೊತ್ತಿದ್ದದ್ದು ಅವಳೊಬ್ಬಳಿಗೇ. 2006ರ ಮೇ ತಿಂಗಳು. ಗೇಟಿನಲ್ಲಿ ಲಾರಿಗಳ ಸಾಲು. ಅವಳ ಕೆಲಸ ಬೇಕು, ಅವಳು ಬೇಡ. ಈ ಹೇಸಿಗೆಗೆ ಮ್ಯಾನೇಜರ್ ಚಂದ್ರಮೋಹನ್ ಇಟ್ಟ ಹೆಸರು ಆಧುನೀಕರಣ.

ಮಾಲೂರಿನಿಂದ ಕಂಪ್ಯೂಟರ್ ಇಂಜಿನಿಯರ್ ಕದಿರೇಶನನ್ನು ಕರೆಸಿದ.

"ಮೂರು ಕಡೆಯಿಂದ ಆಫೀಸಿನ ಸರ್ವರಿಗೆ ಸಂಪರ್ಕ ಬೇಕು. ರಾಯಲ್ಪಾಡು ಮಂಡಿ, ಗೌನಿಪಲ್ಲಿ ಮಂಡಿ, ಆಮೇಲೆ ಗಂಗರತ್ನಮ್ಮ. ಅವಳು ಇನ್ಮೇಲೆ ಹೊರಗಿಂದ ಕೆಲಸ ಮಾಡ್ತಾಳೆ."

ಕದಿರೇಶ ಕಾಗದದ ಮೇಲೆ ಗೀಟೆಳೆದ. "ವಿಪಿಎನ್ ಹಾಕೋಣ ಸಾರ್. ಇಂಟರ್‌ನೆಟ್ ಒಳಗೇ ಬೀಗ ಹಾಕಿದ ಸುರಂಗ ಇದ್ದಂಗೆ. ಎರಡು ಥರ ಇದೆ. ಎರಡೂ ಕಡೆ ಒಂದೊಂದು ಡಬ್ಬಿ ಇಟ್ರೆ ಆ ಕಡೆಯದ್ದೆಲ್ಲಾ ಈ ಆಫೀಸಿಗೆ ಸೇರ್ಕೊಳ್ಳುತ್ತೆ. ಇಲ್ಲಾಂದ್ರೆ ಒಬ್ಬೊಬ್ಬರ ಕಂಪ್ಯೂಟರಿಗೂ ಸಾಫ್ಟ್‌ವೇರ್ ಹಾಕಿ ಪಾಸ್‌ವರ್ಡ್ ಕೊಡಬಹುದು."

"ಸೇರ್ಕೊಳ್ಳೋದೆಲ್ಲ ಬೇಡ. ಪಾಸ್‌ವರ್ಡೇ ಇರಲಿ. ಬೇಡ ಅನ್ಸಿದ ದಿನ ಕಿತ್ತಾಕ್ಬೋದು ತಾನೆ?"

"ಒಂದೇ ಕ್ಲಿಕ್ಕು ಸಾರ್."

ಚಂದ್ರಮೋಹನ್ ಮುಖ ಅರಳಿತು. ಇಂಥವರಿಗೆ ಯಂತ್ರ ಅರ್ಥವಾಗುವುದಿಲ್ಲ. ಅದರಿಂದ ಯಾರನ್ನು ದೂರವಿಡಬಹುದು ಎಂಬುದು ಮಾತ್ರ ತಕ್ಷಣ ಹೊಳೆಯುತ್ತದೆ.

"ಗಂಗರತ್ನಮ್ಮನವರ ಹತ್ರ ಫೋನ್ ಲೈನ್ ಇದೆಯಾ?"

"ನಿನ್ನೆ ತಾನೇ ಎಳೆಸಿದೀವಿ. ಬೇರೆ ಲೈನು. ನಮ್ಮ ಆಫೀಸಿನ ವೈರ್‌ಗೂ ಅದಕ್ಕೂ ಸಂಬಂಧ ಇರಬಾರದು."

ಕಚೇರಿಯ ಕೆಲಸದ ಶಾಮಲಮ್ಮ ಟೀ ತಂದಳು. ಎರಡು ಗಾಜಿನ ಲೋಟ ಮೇಜಿನ ಮೇಲಿಟ್ಟು, ತಟ್ಟೆಯಲ್ಲಿ ಉಳಿದ ಪ್ಲಾಸ್ಟಿಕ್ ಲೋಟದೊಂದಿಗೆ ಹಿಂಬಾಗಿಲಿನಿಂದ ಹೊರಟಳು. ಕದಿರೇಶ ಗೀಟು ಎಣಿಸುತ್ತಿದ್ದ, ಗಮನಿಸಲಿಲ್ಲ.

ಬುಧವಾರ ರಾಯಲ್ಪಾಡು ಮುಗಿಯಿತು. ಗುರುವಾರ ಗೌನಿಪಲ್ಲಿ. ಎರಡು ದಿನ ಬಸ್ಸಿನಲ್ಲಿ ಸೊಂಟ ಮುರಿದುಕೊಂಡ ಕದಿರೇಶ ಶುಕ್ರವಾರ ಮತ್ತೆ ಚೀಲ ಹೆಗಲಿಗೇರಿಸಿ ಬಂದ.

"ಗಂಗರತ್ನಮ್ಮನವರ ಊರಿಗೆ ಬಸ್ಸು ಎಷ್ಟೊತ್ತಿಗೆ ಸಾರ್?"

"ಬಸ್ಸು ಯಾಕಪ್ಪಾ," ಎಂದು ಚಂದ್ರಮೋಹನ್ ಹಿಂಬಾಗಿಲು ತೆರೆದ.

ಅಂಗಳದಾಚೆ, ಹಳೇ ಜನರೇಟರ್ ಶೆಡ್ಡಿನಲ್ಲಿ, ಪ್ಲಾಸ್ಟಿಕ್ ಲೋಟ ಪಕ್ಕಕ್ಕಿಟ್ಟುಕೊಂಡು ತನ್ನ ಕಂಪ್ಯೂಟರಿನ ಮುಂದೆ ಗಂಗರತ್ನಮ್ಮ ಕೂತಿದ್ದಳು.

ಕದಿರೇಶ ಹೆಗಲ ಚೀಲ ಕೆಳಗಿಟ್ಟ. ಚಂದ್ರಮೋಹನ್ ಹೊಸಿಲಲ್ಲೇ ನಿಂತು ಕೂಗಿದ: "ಇವರು ಹೇಳಿದಂಗೆ ಅಲ್ಲಿಂದಲೇ ಪಾಸ್‌ವರ್ಡ್ ಹೊಡಿಯಮ್ಮ. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಗಂಗರತ್ನಮ್ಮ ಎದ್ದು ಕುರ್ಚಿಯನ್ನು ಎತ್ತಿಕೊಂಡಳು. "ಹೊಡೆಯಲ್ಲ ಸಾರ್. ಹನ್ನೆರಡೇ ಹೆಜ್ಜೆ, ನಡ್ಕೊಂಡೇ ಒಳಕ್ಕೆ ಬರ್ತೀನಿ."