ಎರಡು ತಾಸು

ಇನ್‌ಕ್ಯುಬೇಟರಿನಿಂದ ತೆಗೆದ ತಟ್ಟೆಯಲ್ಲಿ, ಕ್ರಿಮಿ ಬೆಳೆಸುವ ಅಗರ್ ಲೋಳೆಯ ತುಂಬ ಕೆಂಪು ಚುಕ್ಕೆಗಳಿದ್ದವು. ದಾನೇಶ್ವರಿ ಎಣಿಸಿದಳು, ನಂಬಲಾರದೆ ಇನ್ನೊಮ್ಮೆ ಎಣಿಸಿದಳು. ನೂರಾ ಎಂಬತ್ತು. ಮೂರು ವಾರದ ಹಿಂದೆ ಇದೇ ಕುಲ್ಫಿಯಲ್ಲಿ ಒಂದು ಕ್ರಿಮಿಯೂ ಇಲ್ಲವೆಂದು ಬರೆದು ಸಹಿ ಹಾಕಿದವಳು ಅವಳೇ.

ರಾಯಚೂರಿನ ಆ ಸಣ್ಣ ಆಹಾರ ಪರೀಕ್ಷೆಯ ಲ್ಯಾಬಿಗೆ ಖಲೀಲ್ ಮುಖ್ಯಸ್ಥರು. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಫ್ರೀಜರಿನ ಮಾಲು ನೋಡ್ರಿ. ಥಂಡಿಗೆ ಕ್ರಿಮಿ ಜಖಂ ಆಗಿರ್ತಾವ, ಸತ್ತಿರಂಗಿಲ್ಲ. ಸೀದಾ ಔಷಧ ಕೂಡಿದ ಕೆಂಪು ಅಗರ್ ಸುರುವಿದ್ರ ತಡಕೊಳ್ಳಂಗಿಲ್ಲ, ಬೆಳಿಯಂಗಿಲ್ಲ. ಮೊದಲ ಸಾದಾ ಅಗರಿನ್ಯಾಗ ಎರಡು ತಾಸು ಸುಧಾರಿಸ್ಕೊಳ್ಳಾಕ ಬಿಡಬೇಕು. ಹೋದ ಸಲ ಬಿಟ್ಟಿದ್ರೇನು?"

"ಇಲ್ಲ ಸರ್. ಐದರ ಮಾನ್ವಿ ಬಸ್ ತಪ್ಪತದಂತ ಸೀದಾ ಸುರುವಿಬಿಟ್ನಿ."

ಖಲೀಲ್ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟಾದರೂ ಹಗುರಾಗುತ್ತಿತ್ತು.

ದೇವದುರ್ಗದ ಒಂದು ಹಾಸ್ಟೆಲಿನಲ್ಲಿ ಹುಡುಗಿಯರು ವಾಂತಿ ಮಾಡಿಕೊಂಡ ದಿನ ತಿಂದದ್ದು ಎರಡೇ: ಅಡುಗೆಯ ಯಮನಮ್ಮ ಕಲಸಿದ ಚಿತ್ರಾನ್ನ, ಗಾಡಿಯವನ ಕುಲ್ಫಿ. ಕುಲ್ಫಿ ಪಾಸಾಯಿತು. ಪರೀಕ್ಷೆಗೆ ಒಂದು ಅಗುಳೂ ಉಳಿದಿರದ ಚಿತ್ರಾನ್ನ ತಾನಾಗಿಯೇ ಫೇಲಾಯಿತು. ಹದಿನಾಲ್ಕು ವರ್ಷ ಬೇಯಿಸಿ ಹಾಕಿದ ಹೆಂಗಸನ್ನು ರಿಪೋರ್ಟ್ ಬಂದ ದಿನವೇ ಮನೆಗೆ ಕಳಿಸಿದರು. ಅದೇ ಗಾಡಿಯ ಕುಲ್ಫಿ ತಿಂದು ಇನ್ನೂ ಮೂವರು ಹಾಸಿಗೆ ಹಿಡಿಯದಿದ್ದರೆ, ಲ್ಯಾಬಿನ ಫ್ರೀಜರಿನಲ್ಲಿ ಉಳಿದಿದ್ದ ಮಾದರಿಯನ್ನು ಮತ್ತೆ ಯಾರೂ ಮುಟ್ಟುತ್ತಿರಲಿಲ್ಲ.

ಮಾರನೆಯ ದಿನ ತನ್ನೂರು ಮಸರಕಲ್ಲಿನಲ್ಲಿ ಯಮನಮ್ಮ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಒಳಗೆ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ದಾನೇಶ್ವರಿ ನಿಂತುಕೊಂಡೇ ಎಲ್ಲ ಹೇಳಿದಳು, ಬಸ್ಸಿನ ಮಾತನ್ನೂ ಮುಚ್ಚಿಡಲಿಲ್ಲ.

"ತಪ್ಪು ನಂದರಿ ಯವ್ವಾ. ಹೊಸಾ ರಿಪೋರ್ಟ್ ವಾರ್ಡನ್ ಕೈಯಾಗ ಕೊಟ್ಟು ಬಂದೀನಿ. ನಾಳಿಂದ ನಿಮಗ ಕೆಲಸಕ್ಕ ಬರ್ರಿ ಅಂದಾರ."

ದಾನೇಶ್ವರಿ ಕೊಟ್ಟ ರಿಪೋರ್ಟಿನ ಪ್ರತಿಯನ್ನು ಯಮನಮ್ಮ ಹಿಂದೆ ಮುಂದೆ ತಿರುಗಿಸಿದಳು. "ನಾ ಒಪ್ಪಿಕೊಂಡೀನಲ್ಲ ಮೇಡಂ. ಕೈ ತೊಳೀಲಾರದ ಕಲಸೀನಂತ ಹೆಬ್ಬಟ್ಟು ಒತ್ತಿ ಕೊಟ್ಟೀನಿ."

"ಮಾಡಲಾರದ್ದು ಯಾಕ ಒಪ್ಪಿದ್ರಿ?"

"ಮಿಷನ್ನಿನ್ಯಾಗ ನೋಡ್ಯಾರ, ಕುಲ್ಫಿ ಚೊಕ್ಕ ಅದ ಅಂದ್ರು. ಓದಿದವ್ರು ಸುಳ್ಳ ಬರೀತಾರೇನು? ನಾನ ತೊಳಿಯಾದು ಮರತಿರಬೇಕು ಅನ್ಕೊಂಡ್ನಿ. ಅವತ್ತಿಂದ ಹಿಟ್ಟಿಗೆ ಕೈ ಹಚ್ಚಿಲ್ಲ. ಮೊಮ್ಮಗಳಿಗೆ ತುತ್ತು ಇಡಾದೂ ಬಿಟ್ಟೀನಿ."

ಯಮನಮ್ಮ ಎರಡೂ ಅಂಗೈಗಳನ್ನು ದಾನೇಶ್ವರಿಯ ಮುಂದೆ ಚಾಚಿದಳು.

"ಹಂಗಾರ ನೀವ ಹೇಳ್ರಿ ಮೇಡಂ, ಅವತ್ತು ನಾ ಕೈ ತೊಳಕೊಂಡಿದ್ನಿ, ಹೌದಲ್ಲರಿ?"