ಶಾಲೆಗೇ ಮೊದಲು

ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದ ವನಮಾಲಾಳ ಕಿವಿ ಮಗಳ ಓದಿನ ಮೇಲಿತ್ತು. ನಾಳೆ ಪರೀಕ್ಷೆ. ಹೋದ ಸಲ ವಿಜ್ಞಾನದಲ್ಲಿ ನಪಾಸಾಗಿದ್ದ ಇಂಚರಾ ಈಗ ಅಭಿಸರಣೆಯ ವ್ಯಾಖ್ಯೆಯನ್ನು ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದಳು.

“ಉರು ಹೊಡೀಬೇಡ ಕಣೇ, ಅರ್ಥ ಮಾಡ್ಕೊಂಡು ಓದು. ನಾನು ಶಾಲೆಗೇ ಮೊದಲು ಬಂದಿದ್ದು ಸುಮ್ನೆ ಅಲ್ಲ.”

“ಹಾಗಾದ್ರೆ ನೀನೇ ಅರ್ಥ ಹೇಳು.”

ವನಮಾಲಾ ಗಂಟಲು ಸರಿಮಾಡಿಕೊಂಡಳು. “ಅರೆಪಾರಕ ಪೊರೆಯ ಮೂಲಕ ನೀರು ಕಡಿಮೆ ಸಾರತೆಯ ದ್ರಾವಣದಿಂದ ಹೆಚ್ಚು ಸಾರತೆಯ ದ್ರಾವಣದ ಕಡೆಗೆ ಚಲಿಸುವುದೇ ಅಭಿಸರಣೆ.” ಇಷ್ಟು ವರ್ಷವಾದರೂ ಒಂದಕ್ಷರ ತಪ್ಪಿರಲಿಲ್ಲ.

“ನಾನೂ ಅದನ್ನೇ ಅಲ್ವಾ ಒದರ್ತಿರೋದು?” ಎನ್ನುತ್ತಾ ಮಗಳು ಎದ್ದು ಬಂದು ಉಪ್ಪಿನ ಡಬ್ಬಿಗೆ ಕೈಹಾಕಿದಳು.

“ಈಗ್ಲೇ ಹಾಕ್ಬೇಡ! ಸೌತೆಕಾಯಿ ನೀರು ಬಿಟ್ಕೊಳ್ಳುತ್ತೆ.”

“ಯಾಕೆ?”

“ಯಾಕೆ ಅಂದ್ರೆ? ಉಪ್ಪು ಹಾಕಿದ್ರೆ ಬಿಟ್ಕೊಳ್ಳುತ್ತೆ, ಅಷ್ಟೇ. ನಮ್ಮಮ್ಮ ಹೇಳ್ತಿದ್ರು.”

ಇಂಚರಾ ಬಟ್ಟಲನ್ನೇ ನೋಡುತ್ತಾ ನಿಂತಳು. “ಅಮ್ಮಾ, ಹೊರಗೆ ಉಪ್ಪು ಜಾಸ್ತಿ ಆಯ್ತಲ್ಲ, ಅದಕ್ಕೇ ಒಳಗಿನ ನೀರು ಆಚೆ ಬರೋದು. ಇದೇ ಅಲ್ವಾ ಅಭಿಸರಣೆ!”

ಈಳಿಗೆಯ ಮೇಲೆ ವನಮಾಲಾಳ ಕೈ ಗಕ್ಕನೆ ನಿಂತಿತು.

“ಮತ್ತೆ? ಆಗಿನಿಂದ ಅದನ್ನೇ ತಾನೇ ನಾನು ಹೇಳ್ತಿರೋದು!” ಎಂದಳು.

ನಾಳೆ ಮಗಳು ಪರೀಕ್ಷೆಗೆ ಹೋದ ಕೂಡಲೇ ಬಾಗಿಲು ಹಾಕಿಕೊಂಡು ಅವಳ ವಿಜ್ಞಾನದ ಪುಸ್ತಕವನ್ನು ಮೊದಲ ಪಾಠದಿಂದ ಓದಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿದಳು.